ತಪ್ಪು ಕಾಣಿಕೆ

ಆಗಸ್ಟ್ ತಿಂಗಳ ಮೊದಲ ವಾರ ಹತ್ತಿರ ಬಂತೆಂದರೆ ಈಗೀಗ ನನಗೆ ಮೈ ಉರಿಯುತ್ತದೆ. ತೆರಕಣಾಂಬಿ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿಕೊಡುವವಳು. ಸ್ವಾತಂತ್ರ್ಯ ದಿನದ ಕವಾಯತು, ಹಾಡಿನ ತಾಲೀಮು, ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವ ಗಡಿಬಿಡಿ, ಇವುಗಳ ನಡುವೆ ಹಿರೋಷಿಮಾ ದಿನವನ್ನು ಒಂದು ಪೀರಿಯಡ್ಡಿನಲ್ಲಿ ಮುಗಿಸಿಬಿಡುವುದು ನಮ್ಮಲ್ಲಿ ರೂಢಿ. ಅದಕ್ಕೊಂದು ಚರ್ಚಾ ಸ್ಪರ್ಧೆ ಇಡುತ್ತೇವೆ. ವಿಷಯ ಎಷ್ಟೋ ವರ್ಷದಿಂದ ಬದಲಾಗಿಲ್ಲ: ಅಮೆರಿಕ ಜಪಾನಿನ ಮೇಲೆ ಅಣುಬಾಂಬು ಹಾಕಿದ್ದು ಸರಿಯೋ, ತಪ್ಪೋ. ಅರ್ಧ ಮಕ್ಕಳು ಸರಿ ಎನ್ನಬೇಕು, ಇನ್ನರ್ಧ ಮಕ್ಕಳು ತಪ್ಪು ಎನ್ನಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಇದರಲ್ಲಿ ಸರಿ ಅನ್ನುವುದಕ್ಕೆ ಏನಿದೆ ಸಾರ್ ಎಂದು ಹೆಡ್‌ಮಾಸ್ಟರನ್ನು ಕೇಳಿದ್ದೆ. "ಎರಡು ಕಡೆ ಇಲ್ದೆ ಹೋದ್ರೆ ಚರ್ಚೆ ಹೆಂಗಾಯ್ತದೆ ಮೇಡಂ?" ಎಂದು ಅವರು ನಕ್ಕುಬಿಟ್ಟರು. ನಾನೂ ಹೋಗಿ ಅದೇ ವಿಷಯವನ್ನು ಬೋರ್ಡಿನ ಮೇಲೆ ಬರೆದೆ.

ಹೋದ ವರ್ಷ ಮೊದಲ ಬಹುಮಾನ ಬಂದದ್ದು ನನ್ನ ಅಣ್ಣನ ಮಗಳಿಗೆ. ಆಗ ಅವಳು ನಮ್ಮ ಶಾಲೆಯಲ್ಲೇ ಹತ್ತನೆಯ ತರಗತಿ. ಸ್ವಂತ ಸೊಸೆಯಾದ್ದರಿಂದ ನಾನು ತೀರ್ಪುಗಾರರ ಸಾಲಿನಲ್ಲಿ ಕೂತಿರಲಿಲ್ಲ, ಹಿಂದೆ ಕಿಟಕಿಯ ಹತ್ತಿರ ನಿಂತಿದ್ದೆ. ಹುಡುಗಿ ಚೆನ್ನಾಗಿಯೇ ಮಾತಾಡಿದಳು. ಬಾಂಬು ಬೀಳದಿದ್ದರೆ ಯುದ್ಧ ಇನ್ನೂ ಎಳೆಯುತ್ತಿತ್ತು, ಇನ್ನೂ ಹೆಚ್ಚು ಜನ ಸಾಯುತ್ತಿದ್ದರು, ಬಿತ್ತು, ಯುದ್ಧ ನಿಂತಿತು ಎಂದಳು. ಕೊನೆಯಲ್ಲಿ ಮೇಜು ಕುಟ್ಟಿ, "ಅದು ತಪ್ಪಾಗಿದ್ದರೆ ಯಾರಾದರೂ ಅವರನ್ನು ಕೇಳುತ್ತಿರಲಿಲ್ಲವೇ? ಇವತ್ತಿನವರೆಗೆ ಕೇಳಿದವರು ಯಾರು?" ಎಂದಳು. ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಮೇಷ್ಟ್ರುಗಳೂ ಹೊಡೆದರು.

ಹೊರಗೆ ಬಂದ ಮೇಲೆ ಅವಳನ್ನು ಹಿಡಿದು ನಿಲ್ಲಿಸಿದೆ. ಅಲ್ಲಿ ಸತ್ತ ಮಕ್ಕಳು ಯುದ್ಧ ಮಾಡುತ್ತಿದ್ದವೇನೇ ಎಂದು ಕೇಳಿದೆ. ಶಾಲೆಯಲ್ಲಿ ಅವಳು ನನ್ನನ್ನು ಮಿಸ್ ಎನ್ನಬೇಕು, ಆದರೆ ಆಗ ಮರೆತಳು. "ಅಯ್ಯೋ ಬುಡತ್ತೆ, ಪ್ರೈಜ್ ಬಂತಲ್ಲ," ಎಂದು ಬಹುಮಾನದ ಸ್ಟೀಲಿನ ಡಬ್ಬಿಯನ್ನು ಎದೆಗವಚಿಕೊಂಡು ಗೆಳತಿಯರ ಕಡೆ ಓಡಿದಳು. ನನಗೆ ಅವಳ ಮೇಲೆ ಬಂದ ಸಿಟ್ಟಿಗಿಂತ ಆ ಚಪ್ಪಾಳೆಯ ಮೇಲೆ ಬಂದ ಸಿಟ್ಟು ಜಾಸ್ತಿ. ಸಂಜೆ ಗುಂಡ್ಲುಪೇಟೆಯ ಮನೆಗೆ ಬಂದು ಗಂಡನ ಮುಂದೆ ಕೂಗಾಡಿದೆ. ಹತ್ತನೇ ಕ್ಲಾಸಿನ ಹುಡುಗಿ ಏನೋ ಅಂದಳು ಅಂತ ನೀನ್ಯಾಕೆ ಬಿ.ಪಿ. ಏರಿಸಿಕೊಳ್ತೀಯ ಎಂದು ಅವರು ಟಿ.ವಿ. ಹಾಕಿದರು.

ನನ್ನ ತವರು ಭೀಮನಬೀಡಿನ ಆಚೆಗಿನ ಒಂದು ಸಣ್ಣ ಊರು. ಕಾಡು ದೂರವಿಲ್ಲ. ಅಣ್ಣ ಅಲ್ಲಿ ಮುಸುಕಿನ ಜೋಳ, ಕಡಲೆಕಾಯಿ ಬೆಳೆಯುತ್ತಾನೆ. ಅವನು ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಚಾಮರಾಜನಗರದಲ್ಲಿ ಕಾಲೇಜು ಓದುವಾಗ ದಿನಾ ಬೆಳಿಗ್ಗೆ ಹೊಲದ ಕೆಲಸ ಬಿಟ್ಟು ಬಸ್ಸಿನ ತನಕ ಗಾಡಿಯಲ್ಲಿ ಬಿಟ್ಟು ಬರುತ್ತಿದ್ದವನು ಅವನೇ. ಅವನ ಹೊಲದ ಪಕ್ಕಕ್ಕೆ ಒಂದು ಬದು, ಬದುವಿನ ಆಚೆಗೆ ಚಿಕ್ಕವ್ವನ ಹೊಲ. ಚಿಕ್ಕವ್ವ ಎಂದರೆ ನಮ್ಮ ಚಿಕ್ಕಪ್ಪನ ಹೆಂಡತಿ. ಚಿಕ್ಕಪ್ಪ ಗುಂಡ್ಲುಪೇಟೆ ಮಾರ್ಕೆಟ್ಟಿನಿಂದ ಕೇರಳಕ್ಕೆ ತರಕಾರಿ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದೇ ಅಪರೂಪ. ಹೊಲ, ಹಸು, ಡೈರಿಗೆ ಹಾಲು ಹಾಕುವುದು ಎಲ್ಲ ಚಿಕ್ಕವ್ವನದೇ ಕಾರುಬಾರು. ನಮ್ಮವ್ವ ಬೇಗ ತೀರಿಕೊಂಡಿದ್ದರಿಂದ ನಮ್ಮಿಬ್ಬರ ತಲೆಗೂ ಎಣ್ಣೆ ಹಚ್ಚಿದವಳು ಅವಳು.

ಆ ಭಾಷಣದ ಗದ್ದಲ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಬೆಳಿಗ್ಗೆ ಇಡ್ಲಿ ಪಾತ್ರೆ ಇಡುವ ಹೊತ್ತಿಗೆ ಸೊಸೆಯ ಫೋನು ಬಂತು. "ಅತ್ತೆ, ಅಜ್ಜಿ ಹಸ ಸಿಡಿಮದ್ದು ಕಚ್ಬುಡ್ತು," ಎಂದು ಅಳುತ್ತಿದ್ದಳು. ಸಿಡಿಮದ್ದು ಎಂದರೆ ಕಾಡುಹಂದಿ ಕೊಲ್ಲಲು ತಿನ್ನುವ ಉಂಡೆಯೊಳಗೆ ಅಡಗಿಸಿಡುವ ನಾಡಬಾಂಬು. ಕಾನೂನಿಗೆ ವಿರುದ್ಧ, ಆದರೂ ಕಾಡಂಚಿನಲ್ಲಿ ಕದ್ದು ಇಡುವವರಿದ್ದಾರೆ. ಹಂದಿ ಕಚ್ಚಿದರೆ ಬಾಯೊಳಗೇ ಸಿಡಿಯುತ್ತದೆ. ಚಿಕ್ಕವ್ವನ ಹಸು ನಸುಕಿನಲ್ಲಿ ಹಗ್ಗ ಸಡಿಲಿಸಿಕೊಂಡು ಬದುವಿನ ಹುಲ್ಲಿಗೆ ಹೋಗಿತ್ತು. ಅಲ್ಲಿಟ್ಟವನು ಅಣ್ಣ. ಯಾರಿಗೂ ಒಂದು ಮಾತು ಹೇಳಿರಲಿಲ್ಲ.

ನಾನು ರಜೆ ಹಾಕಿ ಸಿಕ್ಕಿದ ಬಸ್ಸು ಹತ್ತಿ ಹೋದೆ. ಹಸು ಕೊಟ್ಟಿಗೆಯ ಮುಂದೆ ನಿಂತಿತ್ತು. ಕೆಳದವಡೆ ಇರಲಿಲ್ಲ. ನಾಲಿಗೆಯಲ್ಲಿ ಉಳಿದದ್ದು ಜೋತುಬಿದ್ದಿತ್ತು. ಅಷ್ಟಾದರೂ ಅದು ನಿಂತೇ ಇತ್ತಲ್ಲ, ಅದನ್ನು ನೋಡಿ ತಡೆಯಲಾಗಲಿಲ್ಲ. ಬಾಯಾರಿಕೆಗೆ ನೀರಿನ ತೊಟ್ಟಿಯ ಹತ್ತಿರ ಹೋಗಿ ಮುಖ ಬಗ್ಗಿಸುತ್ತಿತ್ತು, ನೀರು ಮುಟ್ಟುತ್ತಿತ್ತು, ಕುಡಿಯಲು ಬಾಯಿಯೇ ಇಲ್ಲ. ತಲೆ ಎತ್ತಿ ಚಿಕ್ಕವ್ವನನ್ನು ನೋಡುತ್ತಿತ್ತು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, ಮಾಡುವಂಥದ್ದು ಏನೂ ಇಲ್ಲ ಎಂದು ಕೈ ತೊಳೆದುಕೊಂಡರು. ಅದು ತಕ್ಷಣ ಸಾಯಲೂ ಇಲ್ಲ. ಚಿಕ್ಕವ್ವ ಲೋಟದಲ್ಲಿ ನೀರು ತಂದು ಗಂಟಲಿಗೆ ಹನಿಸುತ್ತ ಆ ಕೆಲವು ದಿನ ಕೊಟ್ಟಿಗೆಯಲ್ಲೇ ಕೂತಳು. ಪಕ್ಕದಲ್ಲಿ ಹೆಣ್ಣುಗರು ಹಾಲಿಗೆ ಒದರುತ್ತಿತ್ತು.

ಹಿರೋಷಿಮಾದಲ್ಲಿ ಬಾಂಬು ಬಿದ್ದ ಹೊತ್ತಿಗೇ ಸತ್ತವರ ವಿಚಾರವನ್ನು ನಾನು ಎಷ್ಟೋ ಸಲ ಕ್ಲಾಸಿನಲ್ಲಿ ಹೇಳಿದ್ದೇನೆ. ಆಮೇಲೆ ದಿನಗಟ್ಟಲೆ ನೀರು ನೀರು ಎನ್ನುತ್ತ ಸತ್ತವರ ವಿಚಾರವನ್ನೂ ಓದಿದ್ದೆ, ಆದರೆ ಪಾಠ ಮುಗಿಯಬೇಕಲ್ಲ ಎಂದು ಅಲ್ಲಿಗೆ ಹೋಗುತ್ತಿರಲಿಲ್ಲ. ಆ ಕೊಟ್ಟಿಗೆಯಲ್ಲಿ ನಿಂತಾಗ ನನಗೆ ಅವರೇ ನೆನಪಾದರು.

ಅಣ್ಣನ ಹತ್ತಿರ ಹೋದೆ. ಅವನು ಜಗಲಿಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ.

"ಏನಣ್ಣ ಇದು?" ಎಂದೆ.

"ನಾನೇನು ಹಸೀಗ್ ಮಡಗಿದ್ನಾ? ಹಂದೀಗ್ ಮಡಗಿದ್ದು ಕಣಮ್ಮಿ. ಹಸ ಬಂದು ಬಾಯಾಕುದ್ರೆ ನಾನೇನ್ಮಾಡನ?"

"ಬದುವಿನ ಮೇಲೆ ಹಸು ಬರದೆ ಇನ್ನೇನು ಬರುತ್ತೆ?"

"ರಾತ್ರಿ ಎಲ್ಲ ಕಾದು ಕಾದು ಸಾಕಾಗೋಗಿತ್ತು. ಬೆಳೆ ಉಳ್ಕೊಂಡದಾ ಇಲ್ವಾ ನೀನೇ ನೋಡು. ಆ ಸದ್ದಿಗೆ ಹಂದಿ ಈಗ ಈ ಕಡೀಕೆ ತಲೆ ಆಕಾಕಿಲ್ಲ."

ಒಳಗೆ ಟಿ.ವಿ. ಪಕ್ಕದಲ್ಲಿ ಮಗಳ ಸ್ಟೀಲಿನ ಡಬ್ಬಿ ಹೊಳೆಯುತ್ತಿತ್ತು. ಬಿತ್ತು, ನಿಂತಿತು ಎಂದು ಅವಳು ಮೇಜು ಕುಟ್ಟಿದ್ದು ನೆನಪಾಗಿ ಆ ಡಬ್ಬಿಯನ್ನು ಎತ್ತಿ ಬೀದಿಗೆ ಎಸೆಯಬೇಕು ಅನ್ನಿಸಿತು.

ಬೇರೆ ಹಸು ಕೊಡಿಸುತ್ತೇನೆ ಎಂದು ಅಣ್ಣ ಹೇಳಿ ಕಳಿಸಿದ. ಚಿಕ್ಕವ್ವ ಬೇಡವೆಂದಳು. ಅವಳಿಗೆ ಬೇಕಾಗಿದ್ದದ್ದು ಒಂದೇ. "ಬಾಗ್ಲಿಗ್ ಬಂದು, ತಪ್ಪಾಯ್ತು ಚಿಕ್ಕವ್ವ ಅಂತ ಅಂದ್ಬುಟ್ ಓಗ್ಲಿ. ನಂಗೆ ಇನ್ನೇನೂ ಬ್ಯಾಡ," ಎಂದಳು. ಇಷ್ಟು ಸಣ್ಣ ಮಾತು, ಎರಡು ಮನೆಗೂ ನಡುವೆ ಇರುವುದು ಒಂದು ಬೀದಿ, ಆಗಿಯೇಬಿಡುತ್ತದೆ ಎಂದುಕೊಂಡು ನಾನು ಆ ಬೀದಿಯಲ್ಲಿ ಓಡಾಡಿದೆ. ಚಪ್ಪಲಿ ಸವೆದದ್ದಷ್ಟೇ ಬಂತು. ತಪ್ಪಾಯ್ತು ಎಂದು ಒಪ್ಪಿಕೊಂಡರೆ ನಾಳೆ ಫಾರೆಸ್ಟಿನವರ ಕಿವಿಗೆ ಬಿದ್ದು ಹಿಡಿದುಕೊಂಡು ಹೋದರೆ ಎಂದು ಅಣ್ಣನ ತಕರಾರು. ಚಿಕ್ಕವ್ವ ಅವರ ಹತ್ತಿರ ಹೋಗುವವಳಲ್ಲ, ಅದು ಅವನಿಗೂ ಗೊತ್ತು. ಅದು ಬಿಟ್ಟರೆ ಇನ್ನೊಂದು ನೆಪ, ಒಂದು ಸಲ ತಲೆ ಬಗ್ಗಿಸಿದರೆ ಊರೆಲ್ಲ ಆಡಿಕೊಳ್ಳುತ್ತದೆ ಎಂದು.

ಊರು ಆಡಿಕೊಂಡದ್ದು ಚಿಕ್ಕವ್ವನನ್ನು. ಅರಳಿಕಟ್ಟೆಯ ಹತ್ತಿರ ಯಜಮಾನರು ಇಬ್ಬರನ್ನೂ ಕರೆಸಿದರು. ಅವರಲ್ಲೊಬ್ಬರು, "ನೀನು ಹಗ್ಗವ ಬಿಗಿಯಾಗಿ ಕಟ್ಟಿದ್ರೆ ಇದೆಲ್ಲ ಆಯ್ತಿತ್ತಾ?" ಎಂದು ಅವಳನ್ನೇ ಕೇಳಿದರು. ಉಳಿದವರು ಹೌದು ಹೌದು ಎಂದರು. ಚಿಕ್ಕವ್ವ ಸೆರಗು ಕೊಡವಿ ಎದ್ದು ಹೋದಳು. ಅವತ್ತಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಎದುರಿಗೆ ಬಂದರೆ ಬೇಲಿಯ ಕಡೆ ಮುಖ ತಿರುಗಿಸಿಕೊಂಡು ಹೋಗುವಳು. ತಲೆಗೆ ಎಣ್ಣೆ ಹಚ್ಚಿ ಬೆಳೆಸಿದ ಹುಡುಗನ ಜೊತೆ ಹಾಗೆ. ನನಗೆ ಇಬ್ಬರ ಮನೆಯಲ್ಲೂ ಊಟ ಸೇರುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಭಾನುವಾರ ಹೋದಾಗ ಅತ್ತಿಗೆ ನನ್ನನ್ನು ಪಕ್ಕಕ್ಕೆ ಕರೆದು ದೇವರ ಗೂಡನ್ನು ತೋರಿಸಿದಳು. ಮನೆದೇವರು ಮಾದಪ್ಪನ ಪಟದ ಕೆಳಗೆ ಅರಿಶಿನದ ಬಟ್ಟೆಯ ಒಂದು ಸಣ್ಣ ಗಂಟಿತ್ತು. ನಮ್ಮ ಕಡೆ ತನ್ನಿಂದ ತಪ್ಪಾಗಿದೆ ಎಂದು ಮನಸ್ಸಿಗೆ ಬಂದವರು ಮಾದಪ್ಪನ ಹೆಸರಿನಲ್ಲಿ ಹೀಗೆ ಕಾಸು ಕಟ್ಟಿಟ್ಟು, ಅವನ ಬೆಟ್ಟಕ್ಕೆ ಹೋದಾಗ ಹುಂಡಿಗೆ ಹಾಕಿ ಬರುತ್ತಾರೆ. ತಪ್ಪು ಕಾಣಿಕೆ ಎನ್ನುತ್ತೇವೆ. ಹಸು ಸತ್ತ ಮಾರನೆಯ ದಿನವೇ ಅಣ್ಣ ಅದನ್ನು ಕಟ್ಟಿದ್ದನಂತೆ. ನನಗೆ ಕಣ್ಣಲ್ಲಿ ನೀರು ಬಂತು. ಹಾಗಾದರೆ ಇವನಿಗೆ ಗೊತ್ತಿದೆ, ಮೊದಲ ದಿನದಿಂದಲೂ ಗೊತ್ತಿದೆ! ಅಮಾವಾಸ್ಯೆಗೆ ಬೆಟ್ಟಕ್ಕೆ ಹೊರಟಿದ್ದಾನೆ ಎಂದು ಅತ್ತಿಗೆ ಹೇಳಿದಾಗ, ಇನ್ನು ಚಿಕ್ಕವ್ವನ ಬಾಗಿಲಿಗೂ ಹೋಗುತ್ತಾನೆ ಎಂದು ನಾನು ನಂಬಿದೆ.

ಅಣ್ಣ ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ಬೆಟ್ಟಕ್ಕೆ ಹೋಗಿ, ಮುಡಿ ಕೊಟ್ಟು, ಕಾಣಿಕೆ ಹಾಕಿ ಬಂದ. ಬೇಕೆಂದೇ ನಾನೂ ಅವತ್ತು ಊರಿಗೆ ಹೋಗಿದ್ದೆ. ಬೆಟ್ಟದಿಂದ ಬಂದವರು ಬೀದಿಯ ಮನೆಗಳಿಗೆಲ್ಲ ಪ್ರಸಾದ ಹಂಚಬೇಕು. ಎಲ್ಲ ಮನೆಗೂ ಕೊಟ್ಟು ಕೊನೆಗೆ ಚಿಕ್ಕವ್ವನ ಬಾಗಿಲಿಗೆ ಬಂದ. ಬೋಳುತಲೆಯ ಮೇಲೆ ಟವಲು, ಕೈಯಲ್ಲಿ ಲಾಡು, ವಿಭೂತಿ. ಚಿಕ್ಕವ್ವ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಆಮೇಲೆ ಅವನ ಮುಖ ನೋಡದೆ ನನ್ನ ಮುಖ ನೋಡಿಕೊಂಡು ಮಾತಾಡಿದಳು.

"ಸತ್ತದ್ದು ಮಾದಪ್ಪನ್ ಹಸವಾ, ನನ್ ಹಸವಾ, ಕೇಳು ಅವನ್ನ. ಇದು ಮಾದಪ್ಪ ಕೊಟ್ಟದ್ದು, ತಿಂತೀನಿ. ಅವ್ನು ಕೊಡೋದೇನಾರಾ ಇದ್ರೆ ಇಲ್ಲೇ ಕೊಟ್ ಓಗ್ಲಿ."

ಅಣ್ಣ ಟವಲು ಸರಿಮಾಡಿಕೊಂಡ. ಹೊಸಿಲು ನೋಡಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ ಎಂದು ಕಾದೆ. "ಬಸ್ಸಲ್ ಕೂತು ಕೂತು ಸೊಂಟ ಇಡ್ಕೊಂಡದೆ," ಎಂದು ಹೇಳಿ ಹೊರಟುಹೋದ. ಹಿಂದೆಯೇ ಓಡಿ ಬೀದಿಯಲ್ಲಿ ತಡೆದು ಕೇಳಿದರೆ, "ದೇವ್ರ ಮುಂದೆ ಒಪ್ಕೊಂಡಾಯ್ತಲ್ಲ, ಇನ್ನು ಮನುಸ್ರ ಮುಂದೆ ಬೇರೆ ಒಪ್ಕೊಬೇಕಾ?" ಎಂದು ನನ್ನನ್ನೇ ಗದರಿದ. ಮಾದಪ್ಪನಿಗೆ ಒಪ್ಪಿಸುವುದು ಸುಲಭ. ಮಾದಪ್ಪನ ದವಡೆ ಹೋಗಿಲ್ಲ.

ಕೆಲವು ವರ್ಷಗಳ ಹಿಂದೆ ಅಮೆರಿಕದ ದೊಡ್ಡವರೊಬ್ಬರು ಹಿರೋಷಿಮಾಕ್ಕೆ ಹೋಗಿ ಹೂವಿಟ್ಟು ತಲೆ ತಗ್ಗಿಸಿ ನಿಂತದ್ದನ್ನು ಟಿ.ವಿ.ಯಲ್ಲಿ ನೋಡಿ, ಎಂಥ ದೊಡ್ಡ ಮನಸ್ಸು ಎಂದು ಸ್ಟಾಫ್ ರೂಮಿನಲ್ಲಿ ಹೊಗಳಿದವಳು ನಾನು. ಕ್ಷಮೆ ಕೇಳಲಿಲ್ಲವಲ್ಲ ಎಂದು ಒಬ್ಬ ಮೇಷ್ಟ್ರು ಹೇಳಿದ್ದಕ್ಕೆ, ಹೂವಿಟ್ಟದ್ದೇ ಕ್ಷಮೆ ಕೇಳಿದ ಹಾಗೆ ಅಲ್ಲವೇ ಸಾರ್ ಎಂದು ವಾದಿಸಿದ್ದೆ. ಈಗ ಚಿಕ್ಕವ್ವನ ಹೊಸಿಲಲ್ಲಿ ನಿಂತು ನೋಡಿದ ಮೇಲೆ ಆ ವಾದ ನನಗೇ ಒಪ್ಪಿಗೆಯಾಗುವುದಿಲ್ಲ. ಸುಟ್ಟು ಬದುಕಿ ಉಳಿದವರು ಈಗ ಎಂಬತ್ತು ದಾಟಿದ ಮುದುಕರು. ಹೂವು ನೋಡಿ ಮನೆಗೆ ಹೋಗಿ ಅವರು ಏನೆಂದುಕೊಂಡರೋ.

ದೇಶದ ಗಡಿಯಲ್ಲಿ ಗಲಾಟೆಯಾಗಿ ಎಲ್ಲರೂ ಫೋನಿನೊಳಗೇ ಮುಳುಗಿದ್ದ ದಿನಗಳು ಬಂದವು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಎದುರಿಗಿನ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದೆ. ಪಕ್ಕದ ಮೇಜಿನಲ್ಲಿ ಈರುಳ್ಳಿ ಲೋಡು ಇಳಿಸಿ ಬಂದ ಇಬ್ಬರು.

"ಒಂದ್ ಆಕ್ಬುಟ್ರೆ ಮುಗೀತು ಕಣ್ಲಾ. ನಮ್ತಾವು ಇಲ್ವಾ ಅಣುಬಾಂಬು?"

"ಆಕುದ್ರೆ ಲೋಕ ಸುಮ್ಕಿದ್ದದಾ?"

"ಅಮೆರಿಕದೋರು ಆಕ್ಲಿಲ್ವಾ? ಏನಾಯ್ತು ಅವ್ರಿಗೆ? ದಕ್ಕುಸ್ಕೊಂಡ್ರು ತಾನೆ?"

ನನಗೆ ತಡೆಯಲಾಗಲಿಲ್ಲ. ತಿರುಗಿ, ಅದು ಪಟಾಕಿಯಲ್ಲ ಕಣ್ರಪ್ಪ, ಬಾಯಿಗೆ ಬಂದದ್ದು ಮಾತಾಡಬೇಡಿ ಎಂದೆ. "ಸುಮ್ಕೆ ಮಾತ್ಗಂದ್ವು, ಬುಡಿ ಮೇಡಂ," ಎಂದು ಒಬ್ಬ ನಕ್ಕ. ಇನ್ನೊಬ್ಬನಿಗೆ ನಿಜವಾಗಿಯೂ ನನ್ನ ಸಿಟ್ಟು ಅರ್ಥವಾಗಲಿಲ್ಲ. ಹೇಳಬೇಕಾದ್ದು ಬೆಟ್ಟದಷ್ಟಿತ್ತು, ಬಸ್ಸು ಹಾರ್ನ್ ಹೊಡೆಯಿತು, ಅರ್ಧ ಲೋಟ ಟೀ ಬಿಟ್ಟು ಓಡಿ ಹತ್ತಿದೆ. ದಾರಿಯುದ್ದಕ್ಕೂ ಆ ದಕ್ಕಿಸಿಕೊಂಡರು ಎಂಬ ಮಾತು ಕಿವಿಯಲ್ಲೇ ಇತ್ತು. ಎಂಬತ್ತು ವರ್ಷದ ಹಿಂದೆ ಎಲ್ಲೋ ಸಮುದ್ರದಾಚೆ ಮಾಡಿದ ಕೆಲಸ ಇಲ್ಲಿ ಟೀ ಕುಡಿಯುವವನಿಗೆ ಧೈರ್ಯ ಕೊಡುತ್ತಿದೆಯಲ್ಲ ಎಂದು ಸಂಕಟವಾಯಿತು.

ಈ ವರ್ಷ ಜುಲೈ ಮುಗಿಯುವ ಮೊದಲೇ ಹೆಡ್‌ಮಾಸ್ಟರ ಮುಂದೆ ಹೋಗಿ ನಿಂತೆ. ಸಾರ್, ಸರಿಯೋ ತಪ್ಪೋ ಬೇಡ, ಹಾಕಿದವರು ಈಗ ಏನು ಹೇಳಬೇಕು ಅಂತ ವಿಷಯ ಇಡೋಣ ಎಂದೆ. ಅವರು ಕನ್ನಡಕ ತೆಗೆದು ಯೋಚಿಸಿದರು. "ಅದಕ್ಕೆ ಪಾಯಿಂಟ್ಸ್ ಎಲ್ಲಿ ಸಿಕ್ತವೆ ಮೇಡಂ? ಹಳೇದೇ ಇರ್ಲಿ, ಮಕ್ಕಳಿಗೆ ಸಲೀಸು," ಎಂದರು. ಹಳೆಯದೇ ಆಯಿತು. ನನ್ನ ಸೊಸೆ ಈಗ ಗುಂಡ್ಲುಪೇಟೆಯಲ್ಲಿ ಪಿ.ಯು.ಸಿ. ಓದುತ್ತಿದ್ದಾಳೆ, ಅವಳ ಭಾಷಣವನ್ನೇ ಇನ್ನೊಂದು ಹುಡುಗಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಕೇಳಿದವರು ಯಾರು ಎಂಬಲ್ಲಿ ಮೇಜನ್ನೂ ಕುಟ್ಟಿದಳು. ಅವಳಿಗೇ ಬಹುಮಾನ. ಈ ಸಲ ಕಿಟಕಿಯ ಹತ್ತಿರವೂ ನಿಲ್ಲಲಾರದೆ ಸ್ಟಾಫ್ ರೂಮಿಗೆ ಹೋಗಿ ಕೂತೆ.

ಆ ಭಾನುವಾರ ಊರಿಗೆ ಹೋದೆ. ಚಿಕ್ಕವ್ವ ಮನೆಯಲ್ಲಿರಲಿಲ್ಲ. ಹೊಲಕ್ಕೆ ಹೋದರೆ ಬದುವಿನ ಮೇಲೆ ನಿಂತಿದ್ದಳು. ಸತ್ತ ಹಸುವಿನ ಕರು ಈಗ ಕಡಸಾಗಿದೆ, ಅದನ್ನು ಹಗ್ಗದಲ್ಲಿ ಹಿಡಿದುಕೊಂಡಿದ್ದಳು. ಆ ಹಸು ಸತ್ತ ಮೇಲೆ ಅವಳು ದನವನ್ನು ಒಬ್ಬೊಂಟಿ ಬಿಡುವುದೇ ಇಲ್ಲ. ಅವಳ ಕಡಲೆಕಾಯಿ ಹೊಲದಲ್ಲಿ ಒಂದು ಪಾತಿಯೂ ಉಳಿದಿರಲಿಲ್ಲ. ಅಣ್ಣನ ಹೊಲಕ್ಕೆ ಹೆದರಿದ ಹಂದಿಗಳು ಬದು ಬಿಟ್ಟು ಆಚೆ ಸುತ್ತಿ ಬಂದು ಇವಳ ಹೊಲದಲ್ಲಿ ಇಳಿದಿದ್ದವು. ಮಣ್ಣೆಲ್ಲ ಉಳುಮೆ ಹೊಡೆದ ಹಾಗೆ ಎದ್ದಿತ್ತು. ಬದುವಿನ ಈಚೆಗೆ ಅಣ್ಣನ ಜೋಳ ಹಸಿರಾಗಿ ನಿಂತಿತ್ತು.

ಚಿಕ್ಕವ್ವನೇ ಮಾತು ತೆಗೆದಳು.

"ನಿಮ್ಮಣ್ಣ ಆ ಸಿಡಿಮದ್ದ ಯಾರ್ತಾವು ತಂದ ಅಂತ ವಸಿ ಕೇಳ್ತೀಯಾ ಮಗಾ?"

ನಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂದು ಅವಳ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

"ಚಿಕ್ಕವ್ವ, ನೀನಾ? ಆ ಹಸು ನೀರಿಗೆ ಬಾಯಿ ಇಟ್ಟಿದ್ದನ್ನ ನೋಡಿದವಳು ನೀನು!"

"ನೋಡಿವ್ನಿ. ನಾನ್ ನೋಡ್ದಂಗೆ ಯಾರೂ ನೋಡಿಲ್ಲ." ಅವಳ ದನಿ ಏರಿತು. "ಅವ್ನು ಒಂದಪ ಬಂದು ತಪ್ಪಾಯ್ತು ಅಂದಿದ್ರೆ, ತಪ್ಪು ಅಂತ ಊರ್ನೋರು ಅಂದಿದ್ರೆ, ನಾನು ಕೈಲೂ ಮುಟ್ತಿರ್ಲಿಲ್ಲ ಕಣವ್ವ. ಯಾರಂದ್ರು? ಅವ್ನ ಬೆಳೆ ಉಳೀತು, ಅವ್ನ ಮರ್ಯಾದೀನೂ ಉಳೀತು. ನಾನೊಬ್ಳೇ ಯಾಕ್ ಕಳ್ಕೊಬೇಕು?"

ನಾನು ಕೇಳುವುದಿಲ್ಲ ಎಂದೆ. ದನದ ಕಥೆ ಹಾಗಿರಲಿ, ಮಕ್ಕಳು ಮುಟ್ಟಿದರೆ ಎಂದೆ. ಬೇಲಿ ಹಾಕಿಸೋಣ, ಅರ್ಜಿ ಕೊಡೋಣ, ನಾನೇ ಓಡಾಡುತ್ತೇನೆ ಎಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮೇಷ್ಟ್ರು ಕೆಲಸ ಮಾಡಿ ಮಾಡಿ ಬೇರೆಯವರಿಗೆ ಬುದ್ಧಿ ಹೇಳುವುದು ನನಗೆ ಅಭ್ಯಾಸ. ಯಾರಂದ್ರು ಎಂದು ಅವಳು ಕೇಳಿದ್ದನ್ನು ಮಾತ್ರ ಮುಟ್ಟಲಿಲ್ಲ. ಅವಳು ನನ್ನ ಮಾತು ಮುಗಿಯುವ ತನಕ ಕಾದಳು.

"ನೀ ಕೇಳ್ದಿದ್ರೆ ಬುಡು, ನಾನೇ ಕೇಳ್ತೀನಿ. ಇದ್ನ ಇಡ್ಕೊ, ಈಗ್ ಬಂದೆ," ಎಂದು ಕಡಸಿನ ಹಗ್ಗವನ್ನು ನನ್ನ ಕೈಗೆ ತುರುಕಿ, ಬದು ಇಳಿದು, ಜೋಳದ ಸಾಲಿನ ನಡುವೆ ಅಣ್ಣನ ಹಿತ್ತಿಲ ಕಡೆಗೆ ನಡೆದಳು. ಹೊಲ ಮುಗಿದಲ್ಲೇ ಅವನ ಮನೆಯ ಹಿತ್ತಿಲು. ಒಂದು ವರ್ಷ ಅವಳು ಆ ಕಡೆ ಮುಖ ಹಾಕಿರಲಿಲ್ಲ. ಇವಳು ಒಂದು ದಿನ ಆ ಮನೆಗೆ ಹೋಗಲಿ, ಅವನ ಹೆಸರು ಹಿಡಿದು ಕೂಗಲಿ ಎಂದು ನಾನು ವರ್ಷವಿಡೀ ಹಾರೈಸಿದ್ದೆ.

ಅವಳು ಕೂಗಿದ್ದು ಬದುವಿಗೆ ಕೇಳಿಸಿತು. ಬಾಗಿಲು ತೆಗೆದ ಸದ್ದಾಯಿತು. "ಚಿಕ್ಕವ್ವಾ? ಬಾ ಬಾ, ಒಳಕ್ ಬಾ, ಕೂತ್ಕೊ. ಏ ಮಗಾ, ಅಜ್ಜಿ ಬಂದದೆ, ಕಾಪಿ ತತ್ತಾ," ಎಂದು ಅಣ್ಣ ಮಗಳನ್ನು ಕರೆಯುತ್ತಿದ್ದ. ಅವನ ದನಿಯಲ್ಲಿ ಅಷ್ಟು ಸಂತೋಷ ಕೇಳಿ ಬಹಳ ದಿನವಾಗಿತ್ತು. ಕಡಸು ಬದುವಿನ ಹುಲ್ಲಿಗೆ ಕತ್ತು ಚಾಚಿತು. ನಾನು ಹಗ್ಗವನ್ನು ಕೈಗೆ ಸುತ್ತಿಕೊಂಡು, ಅದರ ಬಾಯಿ ನೆಲಕ್ಕೆ ತಾಗದ ಹಾಗೆ ಎಳೆದು ಹಿಡಿದು ನಿಂತೆ.